ನಲವತ್ತು ರುಮಾಲಿನ ಸಾಹುಕಾರ

ಹೆದರಬೇಡಿ, ಅವನು ಈ ಊರಿನವನಲ್ಲ. ಬೇರೆ ಒಂದೂರಲ್ಲಿ ಒಬ್ಬ ಸಾಹುಕಾರ ಇದ್ದ. ಅವನ ಪೆಟ್ಟಿಗೆಯಲ್ಲಿ ನಲವತ್ತು ಹಳೇ ರುಮಾಲು. ಯಾವುದನ್ನು ಯಾವ ಸಭೆಗೆ ತಲೆಗೆ ಸುತ್ತಿದ್ದ ಎಂಬುದೆಲ್ಲ ಅವನಿಗೆ ಬಾಯಿಪಾಠ.

ಮನೆಯಲ್ಲಿ ಅವ್ವನಿಗೆ ಮೊಣಕಾಲು ನೋವು. "ತಮ್ಮಾ, ಕಲ್ಲಿನ ನೆಲ ಥಂಡಿ ಹತ್ತೈತಿ. ಚಳಿ ಬರೂದ್ರಾಗ ಒಂದು ಚಿಂದಿ ಜಮಖಾನಿ ನೇಯಿಸಿ ಕೊಡೋ" ಎಂದಳು.

ಸಾಹುಕಾರ ನೇಕಾರನನ್ನು ಕರೆಸಿದ. "ಹಳೇ ಅರಿವಿ ಬೆರಳಗಲ ಪಟ್ಟಿ ಮಾಡಿ, ಉಂಡಿ ಸುತ್ತಿ ಕೊಡ್ರಿ ಸಾವಕಾರ್ರ. ಎಂಟು ದಿನದಾಗ ನೇಯ್ದು ಕೊಡ್ತೀನಿ" ಎಂದ ನೇಕಾರ.

ಸಾಹುಕಾರ ಕತ್ತರಿ ಹಿಡಿದು ಕುಳಿತ. ಒಂದು ರುಮಾಲು ತೆಗೆದ. ಅಯ್ಯೋ, ಇದು ಪಂಚಾಯ್ತಿ ಗೆದ್ದ ದಿನದ್ದು! ಇನ್ನೊಂದು ತೆಗೆದ. ಇದು ಬೀಗರ ಮನೆಯಲ್ಲಿ ಆರತಿ ಎತ್ತಿಸಿಕೊಂಡದ್ದು! ಮಾನಕ್ಕೆ ಯಾರಾದರೂ ಕತ್ತರಿ ಹಾಕುತ್ತಾರೆಯೇ? ಪೆಟ್ಟಿಗೆ ಮುಚ್ಚಿದ. ಅಂಗಡಿಗೆ ಹೋಗಿ ಹೊಸ ಧೋತರ ತಂದು ಕತ್ತರಿಸಿದ.

ನೇಕಾರ ಮುಟ್ಟಿ ನೋಡಿ ತಲೆಯಾಡಿಸಿದ. "ಹೊಸದು ಬಿರುಸು ರೀ. ಉಟ್ಟು ಒಗೆದು ಮೆತ್ತಗಾಗಿರಬೇಕು."

ಈಗ ನೋಡಿ ಸಾಹುಕಾರನ ಬುದ್ಧಿ! ಮತ್ತೆ ಹೊಸ ಧೋತರ ತಂದ. ಮನೆಮಂದಿಗೆಲ್ಲ ಉಡಿಸಿದ. ಆಳಿಗೆ ಉಡಿಸಿದ. ಎಮ್ಮೆಗೂ ಒಂದು ಹೊದಿಸಿದ. ದಿನಕ್ಕೆ ಐದು ಸಲ ಒಗೆಸಿದ. ಯಾಕೆ? ಹೊಸದು ಬೇಗ ಹಳೆಯದಾಗಲಿ ಎಂದು! ಎಮ್ಮೆ ಮಾತ್ರ ಎರಡೇ ದಿನದಲ್ಲಿ ತನ್ನ ಧೋತರ ಹರಿದು ಕೆಲಸ ಮುಗಿಸಿತು.

ಉಳಿದ ಧೋತರ ಮೆತ್ತಗಾಗುವ ಮೊದಲೇ ಚಳಿ ಬಂತು. ಅವ್ವನ ಕಾಲು ಮಡಚಲಾಗದಂತಾಯಿತು. ಸಾಹುಕಾರ ಅದನ್ನು ನೋಡಿದ. "ಹಾಳಾಗಲಿ ರುಮಾಲು!" ಎನ್ನುತ್ತ ಓಡಿಹೋಗಿ ಪೆಟ್ಟಿಗೆ ತೆರೆದ. ಒಳಗೆ ಇಲಿಯ ಸಂಸಾರ! ನಲವತ್ತೂ ರುಮಾಲು ಚೂರುಚೂರು.

ನೇಕಾರ ಬಂದು ಬಗ್ಗಿ ನೋಡಿದ. "ಸಾವಕಾರ್ರ, ಇಲಿ ನಿಮಗಿಂತ ಚಲೋ ಕತ್ತರಿಸ್ಯಾವ. ಆದ್ರ ಗೇಣುದ್ದಾನೂ ಇಲ್ಲ, ನೇಯಾಕ ಬರೂದಿಲ್ಲ."

ಅವ್ವ ನಕ್ಕಳು. "ಇರಲಿ ಬಿಡೋ ತಮ್ಮಾ. ಇಲಿಮರಿ ಆದ್ರೂ ಬೆಚ್ಚಗ ಮಲಗ್ಯಾವಲ್ಲ."

ಸಾಹುಕಾರ ತಲೆಯ ಮೇಲೆ ಉಳಿದಿದ್ದ ಒಂದೇ ರುಮಾಲನ್ನು ಬಿಚ್ಚಿ ಅವ್ವನ ಕೆಳಗೆ ಹಾಸಿದ.

ನಗುತ್ತೀರಿ. ನಗಿ, ನಗಿ. ನಿಮ್ಮ ಪೆಟ್ಟಿಗೆಯಲ್ಲಿ ಏನಿದೆ ತಾಯಿ? ಬೀಗರು ಬಂದರೆ ಹಾಸಲು ಎಂದು ಮಡಚಿಟ್ಟದ್ದು ಯಾವುದು ಯಜಮಾನರೇ? ಬೀಗರು ಬರುವುದು ವರ್ಷಕ್ಕೊಮ್ಮೆ; ಬರೀ ನೆಲದ ಮೇಲೆ ಕೂರುವವರು ದಿನವೂ ನಿಮ್ಮ ಮನೆಯಲ್ಲೇ ಇದ್ದಾರೆ. ಈಗ ಮನೆಗೆ ಹೋಗಿ, ಕೈಕಾಲು ತೊಳೆಯುವ ಮೊದಲು ಪೆಟ್ಟಿಗೆ ತೆರೆಯಿರಿ. ಕತ್ತರಿ ಸಿಗದಿದ್ದರೆ ಹಲ್ಲಿನಿಂದ ಹರಿಯಿರಿ. ಇಲ್ಲವೇ ಸುಮ್ಮನಿರಿ; ಆ ಕೆಲಸಕ್ಕೆ ಇಲಿ ಇದ್ದೇ ಇದೆ, ನಿಮ್ಮನ್ನು ಕೇಳುವುದೂ ಇಲ್ಲ.