ಆಕೆ ಕೆಮ್ಮದ ದಿನ

ದಾವಣಗೆರೆಯ ನರರೋಗ ವೈದ್ಯರ ಬಾಗಿಲಲ್ಲಿ ಸರದಿಗೆ ಕಾಯುತ್ತಿದ್ದ ಆಶಾರಾಣಿಯ ಕಿವಿಗೆ ಪಕ್ಕದ ಬೆಂಚಿನ ಗಂಡಹೆಂಡಿರ ಮಾತು ಬಿತ್ತು. ಗಂಡನ ಬಲಗೈ ನಡುಗುತ್ತಿತ್ತು.

“ಮೂಗಿಗೆ ವಾಸನೆ ಹತ್ತದೆ ಮೂರು ವರ್ಷ ಆತು ಅಂತ ಡಾಕ್ಟ್ರಿಗೆ ಹೇಳ್ರಿ. ಈ ನಡುಕದ ರೋಗಕ್ಕೆ ಅದೇ ಮೊದಲ್ನೇ ಗುರುತಂತೆ.”

“ನಮ್ಮ ಅಂಗಡ್ಯಾಗೆ ನಾನು ಮೂಸಿ ಒಪ್ಪಿದ ಬೆಣ್ಣೆ ಅಂದ್ರೆ ಹರಿಹರದ ಹೋಟೆಲ್‌ನೋರು ಕಣ್ಣು ಮುಚ್ಚಿ ಒಯ್ತಿದ್ರು.”

“ಕೆಟ್ಟ ಬೆಣ್ಣೆ ಬಂದಾಗೆಲ್ಲ ನಿಮಗೆ ಗೊತ್ತಾಗ್ಲಿ ಅಂತ ನಾನು ನಿಮ್ಮ ಹಿಂದೆ ನಿಂತು ಕೆಮ್ಮಿಲ್ಲೇನ್ರಿ?”

“ಸೋಮವಾರ ಕೆಮ್ಮಲಿಲ್ಲ.”

ಹೆಂಡತಿ ಸೆರಗು ಸರಿಮಾಡಿಕೊಂಡಳು.

“ನನ್ನ ತಮ್ಮ ತಂದಿದ್ದಲ್ಲೇನ್ರಿ ಅದು? ಹೆಂಗೆ ಕೆಮ್ಮಲಿ?”

“ಕಮಟು ಬೆಣ್ಣೆನ ನಾನು ಭೇಷ್ ಅಂದೆ. ಹೋಟೆಲ್‌ನೋರು ವಾಪಸ್ ತಂದು, ಮೂಸ್ರಿ ಯಜಮಾನ್ರೇ, ಅಂದ್ರು. ಆಗ್ಲೂ ಗೊತ್ತಾಗ್ಲಿಲ್ಲ ನನಗೆ. ಅಲ್ಲೇ ನಿಂತಿದ್ದ ನಿನ್ನ ತಮ್ಮ ನಕ್ಕ.”

“ವಾಮದೇವಪ್ಪ!” ನರ್ಸ್ ಕೂಗಿದಳು.

“ನಾನೂ ಬರ್ಲೇನ್ರಿ?”

“ಬ್ಯಾಡ, ಕೂಡು. ನೀನು ಬೇಕಂತ್ಲೇ ಕೆಮ್ಮಲಿಲ್ಲ ಅಂತ ಯಾರಿಗೂ ಹೇಳಲ್ಲ ನಾನು. ಆದ್ರೆ ನಾಳೆಯಿಂದ ನನ್ನ ಹಿಂದೆ ನಿಂದ್ರಬ್ಯಾಡ.”

ಅವರು ಗೋಡೆ ಹಿಡಿದು ಒಬ್ಬರೇ ಒಳಗೆ ಹೋದರು.