ವೀರಮ್ಮನ ಮಂಡಿನೋವು

ಸುಳ್ಳಾದರೆ ಹಲ್ಲುದುರಲಿ, ಕೊಪ್ಪ ಬಸ್ ಸ್ಟ್ಯಾಂಡಿನಲ್ಲಿ ಕಿವಿಯಾರೆ ಕೇಳಿದ್ದು. ಅಂದೇ ಶಿವಮೊಗ್ಗದಲ್ಲಿ ಹೊಸ ಗಾಡಿ ಬುಕ್ ಮಾಡಬೇಕಿದ್ದ ರಾಜಶೇಖರ ತಾಯಿ ವೀರಮ್ಮನ ಪಕ್ಕ ಉಗುರು ಕಚ್ಚುತ್ತ ಕೂತಿದ್ದ.

“ಅಮ್ಮಾ, ವ್ಯಾನ್ ತಗಂಡ್ರೆ ಮಳೆಗಾಲದಲ್ಲಿ ನಮ್ಮನೆ ದಿಬ್ಬ ಹತ್ತಲ್ಲ.”

“ಸ್ಕಾರ್ಪಿಯೋ ತಗಂಡ್ರೆ ನಾನೇ ಹತ್ತಲ್ಲ. ಮಂಡಿ ಮಡಚಕ್ಕಾಗಲ್ಲ ಮಾರಾಯ.”

“ನಾನು ಎತ್ತಿ ಕೂರಿಸ್ತೀನಿ.”

“ಗಾಡಿ ಪೂಜೆ ದಿನ ಬಾಳೆಹೊನ್ನೂರು ಮಠದೆದುರು? ಅಷ್ಟು ಜನ ನೋಡ್ತಿರುವಾಗ?”

“ಮತ್ತೆಂತ ಮಾಡ್ಲಿ ಹೇಳು! ನೀನಿಲ್ದೆ ಗಾಡಿ ಯಾರಿಗೆ?”

ಶಿವಮೊಗ್ಗದ ಬಸ್ಸು ಬಂತು. ವೀರಮ್ಮ ನೆರಿಗೆ ಎತ್ತಿ ಹಿಡಿದು, ಸ್ಕಾರ್ಪಿಯೋಗಿಂತ ಎತ್ತರದ ಮೆಟ್ಟಿಲನ್ನು ಎಲ್ಲರಿಗಿಂತ ಮೊದಲು ಹತ್ತಿ, ಕಿಟಕಿಯಿಂದ ತಲೆ ಹೊರಹಾಕಿದರು.

“ಸ್ಕಾರ್ಪಿಯೋನೇ ತಗಳ್ಳಣ. ನಿಂಗೂ ಸೀಟ್ ಹಿಡ್ದಿದೀನಿ, ಹತ್ತು. ಎತ್ತಿ ಕೂರಿಸ್ಲಾ?”

ಬಸ್ಸಿಗೆ ಬಸ್ಸೇ ನಕ್ಕಿತು. ಬಸ್ಸು ತಿರುವು ದಾಟಿದ ಮೇಲೂ ರಾಜಶೇಖರನ ನಗುವೇ ಜೋರಾಗಿ ಕೇಳುತ್ತಿತ್ತು.