ಗೇಟಿನ ಹಂತೇಲಿ ನಿಂತ ಗಾಡಿ

ಇದು ನಮ್ಮ ಬಾಜೂ ಮನಿ ಕಾಂತೂಗ ಆದದ್ದು. ಇಂಡಿ ಊರಾಗ ಗ್ಯಾರೇಜ್ ಐತಲ್ಲ, ಅಂವಗ.

ಆ ರಾತ್ರಿ ಬೈಕ್ ಪಂಚರ್ ಆಗಿತ್ತು. ನೂಕ್ಕೊಂತ ಲಚ್ಯಾಣದ ಹಾದ್ಯಾಗ ರೈಲ್ವೆ ಗೇಟಿನ ಹಂತೇಲಿದ್ದ ಬಾವಿ ದಾಟಿ ಹೊಂಟಿದ್ದ. ಆ ಜಾಗಾ ಅಂದ್ರ ಅಂವಗ ಆಗತಿರಲಿಲ್ಲ... ಯಾಕಂದ್ರ ತಿಂಗಳ ಹಿಂದ ನಮ್ಮೂರ ರಾಚಪ್ಪ ಮಾಸ್ತರು ಕಾರ್ ತಂದು, ರೇಡಿಯೇಟರಿನ ಫ್ಯಾನ್ ತಿರಗತೈತೋ ಇಲ್ಲೋ ನೋಡಂದಿದ್ರು. ಎಂಜಿನ್ ಕಾಯೂತನಕಾ ನಿಂತ ನೋಡಬೇಕು. ಕಾಂತು ನಿಲ್ಲಲಿಲ್ಲ. ಎಲ್ಲಾ ಬರೋಬ್ಬರಿ ಐತ್ರಿ ಅಂತ ಬಾನೆಟ್ ಮುಚ್ಚಿ ಕಳಿಸಿದ. ಎಂಟ ದಿನಕ್ಕ ಮಾಸ್ತರು ಎದಿನೋವು ಬಂದ ಹೆಂಡತಿ ರುಕ್ಮವ್ವನ್ನ ದವಾಖಾನಿಗೆ ಕರಕೊಂಡ ಹೊಂಟಾಗ ಇದಽ ಗೇಟ್ ಹಾಕಿತ್ತು. ಫ್ಯಾನ್ ತಿರಗಲಿಲ್ಲ, ನಿಂತಲ್ಲೇ ಗಾಡಿ ಕುದ್ದು ಬಂದ್ ಬಿತ್ತು. ರುಕ್ಮವ್ವನ ಜೀವ ಅಲ್ಲೇ ಹೋತು.

ಕಾಂತು ಮಣ್ಣಿಗೂ ಹೋಗಲಿಲ್ಲ. ಮಾಸ್ತರು ಎದುರು ಬಂದ್ರ ಸಂದಿ ಹೊಗತಿದ್ದ.

ಆ ರಾತ್ರಿ ಬಾವಿ ಹಂತೇಲಿ ಬಂದಾಗ ಸುಂಯ್ಯ್... ಕುದಿಯೂ ನೀರಿನ ಸಪ್ಪಳ. ಗಿಡದ ಬುಡಕ ಒಂದು ಕಾರು, ಬಾನೆಟ್ ಎತ್ತಿತ್ತು. ಬಾವಿಕಟ್ಟಿ ಮ್ಯಾಲೆ ಸೆರಗ ಹೊದ್ದಕೊಂಡ ಒಬ್ಬಾಕಿ ಕುಂತಿದ್ಲು.

“ತಮ್ಮಾ... ಫ್ಯಾನ್ ತಿರಗವಲ್ದು. ನೋಡ್ತಿಯೇನು?”

ಕಾಂತು ಚಾವಿ ತಿರುವಿದ. ಟಿಕ್... ಫ್ಯಾನಿಗೆ ಕರೆಂಟ್ ಬಿಡೂ ರಿಲೇ ಚೊಲೊ ಇತ್ತು. ಫ್ಯೂಜೂ ಚೊಲೊ ಇತ್ತು. ಫ್ಯಾನಿನ ವೈರಿಗೆ ಬಲ್ಬ್ ಹಚ್ಚಿದ, ಬೆಳಗಿತು. ಕರೆಂಟ್ ಬರಾಕತ್ತೈತಿ, ಫ್ಯಾನ್ ಮಾತ್ರ ಅಲಗವಲ್ದು.

“ಮೋಟಾರ್ ಸುಟ್ಟೈತ್ರಿ ಅವ್ವಾ.”

“ಅವತ್ತ ಇದನ್ನ ನೋಡಿದ್ದಿಯೇನು?”

ಚಾ ಕೊಟ್ಟು ಮಾತಾಡಿಸ್ತಿದ್ದ ರುಕ್ಮವ್ವನ ದನಿ. ಕಾಂತು ತೆಲಿ ಎತ್ತಲಿಲ್ಲ.

“ಇಲ್ರಿ... ನೋಡಲಿಲ್ಲ. ಸುಳ್ಳ ಹೇಳಿದೆ.”

“ನನಗ ಹೇಳಿ ಏನ್ ಮಾಡ್ತಿ? ರೇಡಿಯೇಟರಿನ ನೀರ ನೋಡದಽ ಹೊಂಟೆ, ನಾನಽ ಕೊಂದೆ ಅಂತ ನಮ್ಮನಿಯವ್ರು ಕೊರಗಾಕತ್ತಾರ. ಅವ್ರಿಗೆ ಹೇಳು.”

ಮೊಬೈಲ್ ಬೆಳಕ ಅತ್ತ ಹಿಡದ. ಕಟ್ಟಿ ಬರಿದಾಗಿತ್ತು. ತಿರಗಿ ನೋಡಿದ್ರ ಕಾರೂ ಇರಲಿಲ್ಲ.

ಹೊತ್ತ ಹೊಂಡೂದರಾಗ ಮಾಸ್ತರ ಅಂಗಳದಾಗ ಕುಂತು ಇದ್ದದ್ದು ಇದ್ದಂಗ ಹೇಳಿದ. ಅವ್ರು ಬೈತಾರ, ಹೊಡಿತಾರ ಅನಕೊಂಡಿದ್ದ. ಅವ್ರು ಒಳಗ ಹೋಗಿ ಒಂದ ಗ್ಲಾಸ್ ನೀರ ತಂದ ಕೊಟ್ರು.

ಆಮ್ಯಾಲೆ ಮಾಸ್ತರು, ಈಗರೆ ನೋಡು ಅಂತ ಮೂಲ್ಯಾಗಿನ ಕಾರ್ ತೋರಿಸಿದ್ರು. ಟೋಚನ್ ಸರಪಳಿ ಹಾಕಿ ಎಳಕೊಂಡ ಬಂದದ್ದು, ಅವತ್ತಿನಿಂದ ಅಲ್ಲೇ ಇತ್ತು. ಬ್ಯಾಟರಿ ಸೈತ ಬಿಚ್ಚಿಟ್ಟಿದ್ರು. ಕಾಂತು ಬಾನೆಟ್ ಎತ್ತಿ ರೇಡಿಯೇಟರಿಗೆ ಕೈ ಇಟ್ಟಾಂವ ಹಿಂದ ಎಳಕೊಂಡ. ಮಾಸ್ತರೂ ಮುಟ್ಟಿದ್ರು.

ಕಟ್ಟಿದ ಕತಿ ಅಲ್ರಿ ಇದು, ಇಬ್ಬರೂ ಇನ್ನೂ ಅದಾರ, ಹೋಗಿ ಕೇಳ್ರಿ. ಬ್ಯಾಟರಿ ಇಲ್ಲದ ಗಾಡಿ... ರೇಡಿಯೇಟರ್ ಕೈ ಇಡಾಕ ಆಗದಷ್ಟ ಸುಡತಿತ್ತು.